ಒಂದು ಸೋಮವಾರ ಬಾಕಿ

ಮೂರು ಗಂಟೆ ಹತ್ತು ನಿಮಿಷ. ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡಿನಲ್ಲಿ
ಶಟರ್ ಇಳಿಸಿದ ಚಪ್ಪಲಿ ಅಂಗಡಿಯ ಮೆಟ್ಟಿಲೇ ನಮ್ಮ ಆಫೀಸು.
ತೆಂಕಿನ ಕಟ್ಟು ಮೊದಲು ಬರುತ್ತದೆ, ಮಲಯಾಳದ್ದು.
ವ್ಯಾನು ನಿಲ್ಲುವುದಿಲ್ಲ, ನಿಧಾನಿಸುತ್ತದೆ ಅಷ್ಟೆ,
ಒಳಗಿನಿಂದ ಯಾರೋ ಕಾಲಲ್ಲೇ ತಳ್ಳುತ್ತಾರೆ.
ಬಡಗಿನ ಕಟ್ಟು ತಲಪಾಡಿ ದಾಟಬೇಕು.
ಹೆದ್ದಾರಿ ಅಗೆದಲ್ಲೆಲ್ಲ ಸುತ್ತುಬಳಸು. ತಡ.
ಕನ್ನಡ ತಡವಾದ ದಿನ ನನಗೂ ಬೆಳಗಾಗುವುದು ತಡ.

ಕತ್ತರಿ ಇಲ್ಲ. ಪ್ಲಾಸ್ಟಿಕ್ ಪಟ್ಟಿಯನ್ನು ಬೈಕಿನ ಕೀಲಿಯಲ್ಲೇ ಕೊಯ್ಯುತ್ತೇನೆ.
ನೂರ ನಲವತ್ತು ಮಲಯಾಳ, ಇಪ್ಪತ್ತಾರು ಕನ್ನಡ,
ಒಂದು ಇಂಗ್ಲಿಷ್, ಅದು ಡಾಕ್ಟರ ಮನೆಗೆ.
ಬೆರಳು ಎಣಿಸುತ್ತದೆ, ನಾನು ಚಹಾ ಕುಡಿಯುತ್ತೇನೆ.
ಹೆಬ್ಬೆರಳಿಗೆ ಹತ್ತಿದ ಶಾಯಿ ಊಟದ ಹೊತ್ತಿಗೂ ಹೋಗುವುದಿಲ್ಲ.
ಒಮ್ಮೆ ಸೌತೆಕಾಯಿ ಹೋಳಿನ ಮೇಲೆ ಮಂತ್ರಿಯೊಬ್ಬರ ಅರ್ಧ ಮೂಗು ಮೂಡಿತ್ತಂತೆ,
ಹೆಂಡತಿ ಆಣೆ ಹಾಕುತ್ತಾಳೆ.
ನಾನು ನೋಡುವ ಮೊದಲೇ ತಿಂದಿದ್ದೆ.

ಐತಾರ ಹುಟ್ಟಿದ್ದಕ್ಕೆ ಐತಪ್ಪ. ಕಟ್ಟಿನ ಭಾರವೂ ಐತಾರವೇ ಜಾಸ್ತಿ.
ಬೀಡಿ ಡಿಪೋ ಮುಚ್ಚಿದಾಗ ನಲವತ್ತೆರಡು, ಈಗ ಐವತ್ತೊಂದು.
ಆದರೂ ಗೇಟಿನೊಳಗಿಂದ ಬರುವ ಕೂಗು
ಕನ್ನಡದಲ್ಲಿ ಪೇಪರ್ ಹುಡುಗ,
ತುಳುವಿನಲ್ಲಿ ಪೇಪರ್ದ ಆಣ್,
ಮಲಯಾಳದಲ್ಲಿ ಪೇಪರ್ ಚೆಕ್ಕನ್.
ಮೂರು ಭಾಷೆಯಲ್ಲೂ ನನಗಿನ್ನೂ ಮೀಸೆ ಬಂದಿಲ್ಲ.

ನುಳ್ಳಿಪ್ಪಾಡಿ. ಮೀನಿನ ಲಾರಿ ಐಸುನೀರು ಸುರಿಸುತ್ತ ಮಂಗಳೂರ ಕಡೆಗೆ.
ನಾಯಿಗಳಿಗೆ ನನ್ನ ಬೈಕಿನ ಕೆಮ್ಮು ಗೊತ್ತು,
ಬೊಗಳುವುದು ಬರೀ ಹಾಜರಿ ಕರೆಯಲಿಕ್ಕೆ.
ದುಬೈಯಿಂದ ಇಳಿದವನ ಮನೆಯಲ್ಲಿ ಮಾತ್ರ ದೀಪ,
ಹಗ್ಗ ಬಿಗಿದ ಪೆಟ್ಟಿಗೆಯ ಸುತ್ತ ಇಡೀ ಸಂಸಾರ.

ಅಹಲ್ಯಾ ಬಾಯಿಗೆ ಕಣ್ಣು ಹೋಗಿ ವರ್ಷವಾಯಿತು.
"ನಿನ್ನೆ ಪೇಪರು ಹಾಕಲಿಲ್ಲ ನೀನು."
ಹಾಕಿದ್ದೇನಮ್ಮ, ಕ್ರೋಟನ್ ಗಿಡದ ಮೇಲೆ ಬಿತ್ತು.
"ಗಿಡದ ಮೇಲೆ ಬಿದ್ದರೆ ನನಗೇನು ಬಂತು?
ಸಿಮೆಂಟಿನ ಮೇಲೆ ಹಾಕು. ನಾನು ದುಡ್ಡು ಕೊಡುವುದು ಸದ್ದಿಗೆ."
ಅಂದಿನಿಂದ ಅಲ್ಲಿಗೆ ಮಾತ್ರ ಎರಡು ಮಡಿಕೆ ಹೆಚ್ಚು.

ಬೀರಂತಬೈಲಿನಲ್ಲಿ ಅಂಗಾರ ಶೆಟ್ಟಿಗಾರರು
ತೂತು ಬನಿಯನಿನಲ್ಲಿ ಗೇಟಿಗೇ ಬಂದು ನಿಲ್ಲುತ್ತಿದ್ದರು.
ನಲವತ್ತು ವರ್ಷ ಸೊಸೈಟಿಯ ಮಗ್ಗದಲ್ಲಿ ಕೂತವರು,
ಓದುವ ಮೊದಲು ಪೇಪರನ್ನು ಬೆರಳಲ್ಲಿ ಉಜ್ಜಿ
"ಹಾಸು ಸರಿ ಉಂಟು, ಹೊಕ್ಕು ಸಾಲದು" ಎನ್ನುವರು.
ದುಡ್ಡು ಕೇಳಿದರೆ, "ನೀನು ಐತಾರ, ನಾನು ಅಂಗಾರ,
ನಡುವೆ ಒಂದು ಸೋಮವಾರ ಬಾಕಿಯಲ್ಲವೋ, ಬರಲಿ."

ಮೊನ್ನೆ ನಾಲ್ಕು ದಿನ ಅವರ ಪೇಪರು ಗೇಟಿನ ಸಂದಿಯಲ್ಲೇ ಉಳಿದಿತ್ತು.
ಮಗಳ ಮನೆಗೆ ಹೋಗಿರಬೇಕು ಎಂದುಕೊಂಡೆ.
ಐದನೆಯ ರಾತ್ರಿ ಕಟ್ಟು ಬಿಚ್ಚಿದಾಗ ಗಾಳಿಗೆ ಹಾಳೆ ಹಾರಿ
ಆರನೇ ಪುಟ, ಕೆಳಗೆ, ಬಲಕ್ಕೆ,
ಬೀಡಿ ಕಟ್ಟಿನಷ್ಟು ಜಾಗದಲ್ಲಿ ಶೆಟ್ಟಿಗಾರರು.
ಅಂಗಿ ಹಾಕಿದ್ದರು.
ಅವರನ್ನು ಅಂಗಿಯಲ್ಲಿ ಕಂಡದ್ದೇ ಇಲ್ಲ ನಾನು,
ಹೆಸರು ಓದಿ ಖಾತ್ರಿ ಮಾಡಿಕೊಳ್ಳಬೇಕಾಯಿತು.

ನನ್ನ ಕೆಲಸ ಎಣಿಸುವುದು, ಓದುವುದಲ್ಲ.
ಇಪ್ಪತ್ತಾರನ್ನೂ ಎಣಿಸಿದೆ. ಇಪ್ಪತ್ತಾರರಲ್ಲೂ ಅವರೇ.

ಅವರ ಗೇಟಿಗೆ ಬರುವಾಗ ಆರನೇ ಪುಟ ಒಳಗಾಗುವಂತೆ ಮಡಚಿದ್ದೆ,
ಆ ಮನೆಗೇ ಗೊತ್ತಿಲ್ಲದ ಸುದ್ದಿಯೋ ಎಂಬಂತೆ.
ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಒಂದರೊಳಗೊಂದು.
ಮಗಳು ಜಲಜ ಹೊರಗೆ ಬಂದಳು, ನಿದ್ದೆಯಿಲ್ಲದ ಮುಖ.
"ಪೇಪರ್ ಹುಡುಗ ಅಲ್ಲವಾ? ಬಾಕಿ ಎಷ್ಟುಂಟು?"
ಏನಿಲ್ಲ ಎನ್ನಬಹುದಿತ್ತು.
ಪೆಟ್ರೋಲು ರಿಸರ್ವಿಗೆ ಬಂದಿತ್ತು.
ನಾನೂರ ಇಪ್ಪತ್ತು ಎಂದೆ.

ಒಳಗೆ ಹೋದಳು. ಗೋಡೆಯ ಕ್ಯಾಲೆಂಡರು ಅಲುಗಿದ ಸದ್ದು.
ತಂದದ್ದು ಒಂದು ಹಳೆಯ ಮದುವೆ ಕಾಗದದ ಕವರು,
ಮೇಲೆ ಬಾಲ್‌ಪೆನ್ನಿನ ನಡುಗುವ ಅಕ್ಷರ:
ಐತನಿಗೆ. ಸೋಮವಾರ.

ರಸ್ತೆಯ ತಿರುವಿನಲ್ಲಿ, ಕಂಬದ ದೀಪದ ಕೆಳಗೆ, ಎಣಿಸಿದೆ.
ಇಪ್ಪತ್ತು ರೂಪಾಯಿ ಕಡಿಮೆ.
ಇನ್ನೊಮ್ಮೆ ಎಣಿಸಿದೆ. ಕಡಿಮೆಯೇ.

ತಳಂಗರೆಯ ಕಡೆಯಿಂದ ಬಾಂಗು ಎದ್ದಿತು.
ಕೂಡ್ಲಿನಲ್ಲಿ ಇನ್ನೂ ಹದಿನೇಳು ಮನೆ.